ಎಡಚರ ಪಡೆಯ ಕಲ್ಲು

ನಮ್ಮ ಚೌಕದಲ್ಲಿ ಒಂದು ಹಳೇ ಮೈಲಿಗಲ್ಲು ಇದೆ ಅನ್ನುವುದು ಪುರಸಭೆಗೆ ಗೊತ್ತಾದದ್ದು ಹೋದ ವರ್ಷ. ಅಲ್ಲಿಯವರೆಗೆ ನಾಯಿಗಳಾದರೂ ಅದರ ಹತ್ತಿರ ಒಂದು ಗಳಿಗೆ ನಿಂತು ಹೋಗುತ್ತಿದ್ದವು, ಇವರು ಅದೂ ಇಲ್ಲ. ಗೊತ್ತಾದದ್ದೇ ತಡ, ಸುತ್ತ ಸರಪಳಿ ಬಂತು, ಬೋರ್ಡು ಬಂತು, ಇತಿಹಾಸದ ಮೇಷ್ಟ್ರೂ ಬಂದರು.

ಕಲ್ಲಿನ ಬದಿಯಲ್ಲಿ ಆಳವಾದ ಗೀರುಗಳಿವೆ, ಎಲ್ಲವೂ ಎಡಕ್ಕೆ ವಾಲಿದವು. ಮೇಷ್ಟ್ರು ಮೂರು ದಿನ ಕನ್ನಡಕ ಏರಿಸಿ ಇಳಿಸಿ ನೋಡಿ, ಇಲ್ಲಿ ಎಡಚ ಸೈನಿಕರ ಪಡೆಯೊಂದು ಬೀಡುಬಿಟ್ಟು ಕತ್ತಿ ಮಸೆದಿತ್ತು ಎಂದು ಬರೆದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಪುರಸಭೆಯವರು; ಅದನ್ನೇ ಬೋರ್ಡಿಗೆ ಹಾಕಿಸಿದರು.

ಆ ಪಡೆ ಅಂದರೆ ನಮ್ಮ ಮಾವ ಒಬ್ಬರೇ. ನಲವತ್ತು ವರ್ಷ ಕಲ್ಲಿನ ಪಕ್ಕ ಕೂತು ಊರಿನ ಚಾಕು, ಕತ್ತರಿಗಳಿಗೆ ಸಾಣೆ ಹಿಡಿದರು. ಮುಕ್ಕಾದ ಅಲಗನ್ನು ಮೊದಲು ಮೈಲಿಗಲ್ಲಿಗೆ ತಿಕ್ಕಿ, ಆಮೇಲೆ ಸಾಣೆಕಲ್ಲಿಗೆ. ಅವರು ಎಡಚರು, ನಾನೂ ಎಡಚಿ. ಅವರ ಮಗ, ಅಂದರೆ ನನ್ನ ಗಂಡ, ಬಲಗೈಯವರು. ಆ ಗೀರಿನಲ್ಲಿ ಅವರ ಕೈ ಓಡುವುದೇ ಇಲ್ಲ. ಹಾಗಾಗಿ ಮಾವ ಕಸುಬು ಕಲಿಸಿದ್ದು ನನಗೆ. ಅವರು ಹೋದ ಮೇಲೆ ಹನ್ನೊಂದು ವರ್ಷ ಅಲ್ಲಿ ಕೂತವಳು ನಾನು. ಈಗ ಜಾಗ ಖಾಲಿ ಮಾಡಬೇಕಂತೆ, ಸ್ಮಾರಕಕ್ಕೆ ಶೋಭೆಯಲ್ಲವಂತೆ.

ಉದ್ಘಾಟನೆಯ ದಿನ ಸರಪಳಿ ದಾಟಿ ಹೋಗಿ, ಎಲ್ಲರ ಎದುರೇ ಚಾಕುವನ್ನು ಗೀರಿಗೆ ಇಟ್ಟು ಎಳೆದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

“ಇದು ಯಾವ ಸೈನಿಕರದ್ದೂ ಅಲ್ಲ, ನಮ್ಮ ಮಾವಂದು,” ಅಂದೆ. “ಮೇಷ್ಟ್ರೇ, ನಿಮ್ಮ ಅಮ್ಮನ ತರಕಾರಿ ಚಾಕೂನೂ ಇಲ್ಲೇ ಮಸೀತಿದ್ರು. ಚಡ್ಡಿ ಹಾಕ್ಕೊಂಡು ನೀವೇ ತಂದ್ಕೊಡ್ತಿದ್ರಿ, ಮರ್ತೋಯ್ತಾ?”

ಜನ ನಕ್ಕರು. ಮೇಷ್ಟ್ರ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಪುರಸಭೆ ಅಧ್ಯಕ್ಷರು ಮಾತ್ರ ಗಟ್ಟಿಗರು, ನನ್ನನ್ನು ಪಕ್ಕಕ್ಕೆ ಕರೆದರು.

“ನೀವೇ ಆ ಪಡೆಯ ವಂಶದವರು ಅಂತ ಹೇಳ್ಬಿಡೋಣಮ್ಮ. ಇಲ್ಲೇ ಕೂತ್ಕೊಳ್ಳಿ, ಯಾರೂ ಎಬ್ಬಿಸಲ್ಲ. ಬಂದೋರಿಗೆ ಆ ಕತ್ತಿ ಕಥೆ ಹೇಳಿದ್ರಾಯ್ತು.”

“ಒಪ್ಕೊಂಡ್ಬಿಡೇ,” ಅಂದರು ನನ್ನ ಗಂಡ, ಮೊಣಕೈ ತಿವಿದು. “ಅಪ್ಪ ಏನು ಎದ್ದು ಬಂದು ಕೇಳ್ತಾರಾ?”

ಹೆತ್ತ ಮಗನ ಬಾಯಲ್ಲಿ ಈ ಮಾತು! ಅಧ್ಯಕ್ಷರಿಗಿಂತ ಇವರನ್ನು ಕಂಡೇ ನನಗೆ ಹೆಚ್ಚು ಅಸಹ್ಯವಾಯಿತು.

“ನಲವತ್ತು ವರ್ಷ ಅವರ ಬೆನ್ನು ಬಾಗಿದ್ದು ಇಲ್ಲಿ. ಅದನ್ನ ಹುಟ್ಟೇ ಇಲ್ಲದ ಸೈನಿಕರಿಗೆ ದಾನ ಕೊಡಲ್ಲ,” ಅಂದು ಸಾಣೆಕಲ್ಲು ಎತ್ತಿಕೊಂಡು ಬಂದುಬಿಟ್ಟೆ.

ಜಾಗ ಹೋಯಿತು. ಈಗ ರಸ್ತೆಯಾಚೆ ಔಷಧಿ ಅಂಗಡಿಯ ಮೆಟ್ಟಿಲ ಬದಿಯಲ್ಲಿ ಕೂರುತ್ತೇನೆ. ಮಧ್ಯಾಹ್ನದ ಬಿಸಿಲು ನೇರ ನೆತ್ತಿಗೆ. ಅರ್ಧಕ್ಕರ್ಧ ಗಿರಾಕಿಗಳು ತಪ್ಪಿಹೋಗಿದ್ದಾರೆ. ಭಾನುವಾರ ಮೇಷ್ಟ್ರು ಪ್ರವಾಸಿಗಳನ್ನು ಕಲ್ಲಿನ ಮುಂದೆ ನಿಲ್ಲಿಸಿಕೊಂಡು ಎಡಚರ ಪಡೆಯ ಪುರಾಣ ಶುರುಮಾಡುತ್ತಾರೆ. ಆಗ ನಾನು ಚಾಕು ಹಿಡಿದ ಎಡಗೈಯನ್ನು ಎತ್ತಿ ಹಿಡಿಯುತ್ತೇನೆ.

ಹೋದ ವಾರ ಪ್ರವಾಸಿಗಳಲ್ಲಿ ಒಬ್ಬಳು ನೋಡಿಬಿಟ್ಟಳು. “ಅವರ್ಯಾರು?” ಎಂದು ಮೇಷ್ಟ್ರನ್ನು ಕೇಳಿದಳು.

“ಸಾಣೆ ಹಿಡಿಯೋಳು,” ಅಂದರು ಮೇಷ್ಟ್ರು, ನನ್ನ ಕಡೆ ತಿರುಗದೆಯೇ.

ಆ ಕಲ್ಲಿನ ಮುಂದೆ ನಿಂತು ಅವರು ಹೇಳಿದ ಒಂದೇ ಒಂದು ನಿಜ ಅದು.