ಗಾಳಿಯಿಲ್ಲದ ದಿನದ ವಿಮಾನ

ಗಾಳಿಯ ದಿಕ್ಕು ತೋರಿಸುವ ಕಿತ್ತಳೆ ಚೀಲ ಕಂಬಕ್ಕೆ ಅಂಟಿಕೊಂಡು ತೆಪ್ಪಗೆ ನೇತಾಡುತ್ತಿದೆ, ಅಬ್ಬ, ಇವತ್ತಾದರೂ ಇಳಿಯುತ್ತದೆ, ಎಂದುಕೊಂಡಳು ಅರ್ಗಿರೋ, ವಿಮಾನ ನಿಲ್ದಾಣದ ಅಗ್ನಿಶಾಮಕ ಲಾರಿಯೊಳಗೆ ಕುಳಿತು, ಹೆಲ್ಮೆಟ್ಟು ತೊಡೆಯ ಮೇಲೆ — ಥೆಸಲೋನಿಕಿಯಿಂದ ಈ ದ್ವೀಪಕ್ಕೆ ನೇರ ವಿಮಾನ, ಶುಕ್ರವಾರಕ್ಕೊಂದು, ಚಳಿಗಾಲದಲ್ಲೂ, ಯಾರು ಕನಸು ಕಂಡಿದ್ದರು — ಹಿಂದಿನ ಎರಡು ಶುಕ್ರವಾರವೂ ಬಂದಿತ್ತು, ಬೆಟ್ಟದ ಮಗ್ಗುಲಿಂದ ತಿರುಗಿ, ಹೊಟ್ಟೆಯಿಂದ ಚಕ್ರ ಹೊರಚಾಚಿ, ಇನ್ನೇನು ನೆಲ ಮುಟ್ಟಬೇಕು, ಹಾಳಾದ ಗಾಳಿ ಪಕ್ಕಕ್ಕೆ ಗುದ್ದಿತು, ಚಕ್ರ ಮತ್ತೆ ಒಳಗೆ, ವಿಮಾನ ಬಂದ ದಾರಿಗೇ ವಾಪಸು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದರಲ್ಲೇ ಇದ್ದ ಅವಳ ಗಂಡ ಪ್ರೊಡ್ರೊಮೋಸ್, ಮನೆ ಹೆಂಚು ಕಾಣಿಸ್ತು ಕಣೇ, ಒಣಗಾಕಿದ್ದ ನನ್ನ ಅಂಗೀನೂ ಕಾಣಿಸ್ತು, ನೀನೊಬ್ಳು ಕಾಣ್ಲಿಲ್ಲ, ಅಂದಿದ್ದ ಫೋನಿನಲ್ಲಿ, ನಗುತ್ತಲೇ ಅಂದಿದ್ದ, ಆದರೂ ಇವಳು ಅತ್ತಿದ್ದಳು. ಇವತ್ತೂ ಇಳಿಯದಿದ್ದರೆ ಈ ಮಾರ್ಗವನ್ನು ಪಕ್ಕದ ದ್ವೀಪಕ್ಕೆ ಕೊಡುತ್ತೇವೆ ಎಂದಿದೆ ಕಂಪನಿ, ಆಮೇಲೆ ಮತ್ತೆ ಅದೇ ಹಡಗು, ತಿಂಗಳಿಗೊಮ್ಮೆ ಗಂಡ, ಅದೂ ಸಮುದ್ರ ಒಪ್ಪಿದರೆ, ಅವನು ಥೆಸಲೋನಿಕಿಯ ಆಸ್ಪತ್ರೆಯ ನರ್ಸ್ ಕೆಲಸ ಬಿಡನು, ಅವಳು ಈ ಕೆಂಪು ಲಾರಿ ಬಿಡಳು, ಇಂಥ ಸಂಸಾರ ಎಷ್ಟು ದಿನ ಎಳೆದೀತು, ಬೇಡ, ಅದನ್ನೆಲ್ಲ ಯೋಚಿಸುವುದು ಬೇಡ, ಹೊಸ ಮಾರ್ಗದ ಮೊದಲ ವಿಮಾನಕ್ಕೆ ಲಾರಿಯಿಂದ ಚಿಮ್ಮಿಸಿ ನೀರಿನ ಕಮಾನು ಕಟ್ಟುವುದು ವಾಡಿಕೆ, ಟ್ಯಾಂಕಿನ ತುಂಬ ನೀರಿದೆ, ಅದರಡಿ ಅವನು ರಾಜನ ಹಾಗೆ ಬರಲಿ.

ಸುಟ್ಟ ಮಾಂಸದ ಘಮ, ಓರೆಗಾನೊ ಸೊಪ್ಪಿನದೂ, ಬೇಲಿಯಾಚೆ ಸ್ತ್ರಾತಿಸ್ ಚಿಕ್ಕಪ್ಪ ಆಗಲೇ ಶುರುಮಾಡಿದ್ದಾನೆ, ಈ ಊರಿನವರೇ ಹೀಗೆ, ಮದುವೆಗೂ ಕುರಿ ಸುಡು, ಮಂತ್ರಿ ಬಂದರೂ ಸುಡು, ಈಗ ವಿಮಾನಕ್ಕೂ, ಸಲಾಕೆಗೆ ಸಿಕ್ಕಿಸಿದ ಕುರಿಗಳು ಸಾಲಾಗಿ ತಿರುಗುತ್ತಿವೆ, ಕೆಳಗೆ ಹಸಿ ದ್ರಾಕ್ಷಿ ಬಳ್ಳಿಯ ಕಟ್ಟಿಗೆ — ಓ, ಬಂತು, ಬೆಟ್ಟದ ಮಗ್ಗುಲಲ್ಲಿ ಬಂತು, ಚಕ್ರ ಹೊರಗೆ, ಬಾ ನನ್ನಪ್ಪಾ ಬಾ — ಅಯ್ಯೋ, ಚಕ್ರ ಯಾಕೆ ಒಳಗೆ ಹೋಯಿತು, ಗಾಳಿಯೇ ಇಲ್ಲವಲ್ಲ, ರೇಡಿಯೋದಲ್ಲಿ ನಿಯಂತ್ರಣ ಗೋಪುರದ ಲಾಂಬಿಸ್ ಕೂಗುತ್ತಿದ್ದಾನೆ, ಏನೇ ಅದು ಹೊಗೆ, ಪೈಲಟ್‌ಗೆ ರನ್‌ವೇ ತುದೀನೇ ಕಾಣ್ತಿಲ್ವಂತೆ, ಇನ್ನೊಂದೇ ಸುತ್ತು ಹಾಕ್ತಾನಂತೆ ಅಷ್ಟೇ. ಹೌದಲ್ಲ, ಗಾಳಿಯಿಲ್ಲದೆ ಹೊಗೆ ಮೇಲೇರದೆ ರನ್‌ವೇ ಮೇಲೆಯೇ ಚಾಪೆ ಹಾಸಿ ಮಲಗಿದೆ, ಲಾರಿ ತಿರುಗಿಸಿದಳು, ಬೇಲಿ ಬಂತು, ಚಿಕ್ಕಪ್ಪಾ ಬೆಂಕಿ ಆರ್ಸು, ಏನೇ ಹುಡುಗಿ, ಇನ್ನೂ ಬೇಯ್ಬೇಕು, ವಿಮಾನ ಕಾಯುತ್ತೆ ಬಿಡು, ವಿಮಾನ ಕಾಯಲ್ಲ ಚಿಕ್ಕಪ್ಪಾ, ನಿನ್ ಕುರಿ ಹಸೀದೇ ತಿಂತೀನಿ, ಸರಿ ಆಕಡೆ, ಅಯ್ಯೋ ಪಾಪಿ, ನಿಂಬೆರಸದಲ್ಲಿ ನೆನೆಸಿಟ್ಟಿದ್ದು ಕಣೇ, ಎಂದು ಅವನು ತಲೆ ಚಚ್ಚಿಕೊಳ್ಳುವಷ್ಟರಲ್ಲಿ ಕಮಾನಿನ ನೀರೆಲ್ಲ ಕುರಿಗಳ ಮೇಲೆ, ಚಿಕ್ಕಪ್ಪನ ಹೊಸ ಅಂಗಿಯ ಮೇಲೂ ಒಂದಿಷ್ಟು.

ಈಗ ಹಬೆ, ಬೆಳ್ಳಗೆ, ಹೊಗೆಗಿಂತ ದಪ್ಪ, ಎಲ್ಲಿ ಸತ್ತೆಯೋ ಗಾಳಿಯೇ, ಎರಡು ವಾರ ನಿನ್ನನ್ನು ಬೈದ ಬಾಯಲ್ಲೇ ಬೇಡುತ್ತಿದ್ದೇನೆ, ಒಂದು ಉಸಿರು ಬಿಡು, ಒಂದೇ — ಒದ್ದೆ ಕೆನ್ನೆಗೆ ತಣ್ಣಗೆ ಏನೋ ತಾಗಿತು, ಸಮುದ್ರದ ಕಡೆಯಿಂದ, ಹಬೆ ಹರಿದು ರನ್‌ವೇಯ ಬಿಳಿ ಪಟ್ಟೆ ಕಂಡಿತು, ಎಂಜಿನ್ ಸದ್ದು, ಚಿಕ್ಕಪ್ಪ ಬೈಯುವುದನ್ನು ಮರೆತು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದಾನೆ, ತಲೆಯ ಮೇಲೇ ಹೋಯಿತು, ಚಕ್ರ, ಹೊರಗಿರುವ ಚಕ್ರ, ಒಳಗೆ ಹೋಗಬೇಡ, ಹೋಗಬೇಡ, ಚಕ್ರ, ನೆಲಕ್ಕೆ ಉಜ್ಜಿ ಹೊಗೆಯಾಡಿದ ಚಕ್ರ, ಉರುಳುತ್ತಿರುವ ಚಕ್ರ —