ಅವಧೂತ ಸರ್ ಅವರ ಮಿದುಳುಕಾಂಡ

ಅವಧೂತ ಸರ್ ಸತ್ತ ಸುದ್ದಿ ಕೇಳಿ ಮಲಕಪ್ಪನಿಗೆ ದುಃಖವೇನೂ ಆಗಲಿಲ್ಲ. ಅವರು ದೇಹದಾನ ಮಾಡಿದ್ದಾರೆ, ಹೆಣ ತನ್ನ ಕಾಲೇಜಿಗೇ ಬರುತ್ತದೆ ಎಂದು ತಿಳಿದಾಗ ಮಾತ್ರ ಹೊಟ್ಟೆ ತಣ್ಣಗಾಯಿತು.

ಪುಣೆಯ ಆ ವೈದ್ಯಕೀಯ ಕಾಲೇಜಿನಲ್ಲಿ ಸರ್ ಅಂಗರಚನಾ ವಿಭಾಗದ ಮುಖ್ಯಸ್ಥರಾಗಿದ್ದವರು. ಮಲಕಪ್ಪ ಹೆಣ ಕೊಯ್ಯುವ ಕೋಣೆಯ ಜವಾನ, ದೇಹೂ ರೋಡಿನಿಂದ ದಿನಾ ಲೋಕಲ್ ರೈಲು ಹಿಡಿದು ಬರುವವನು. ಹನ್ನೆರಡು ವರ್ಷದ ಹಿಂದೆ ಅವನು ಐದು ತಿಂಗಳು ಕೂತು ಹೆಣವೊಂದರ ಮಿದುಳುಕಾಂಡವನ್ನು ವಿದ್ಯಾರ್ಥಿಗಳಿಗೆ ತೋರಿಸಲೆಂದು ಎಳೆಎಳೆಯಾಗಿ ಬಿಡಿಸಿದ್ದ. ಹೆಬ್ಬೆರಳು ದಪ್ಪದ ಆ ಕಾಂಡದಲ್ಲೇ ಮನುಷ್ಯನ ಉಸಿರು, ಎದೆಬಡಿತಗಳ ಹಿಡಿತ. ಅದರ ಬೆನ್ನಿನಿಂದ ಕಿರುಮಿದುಳಿಗೆ ಹೋಗುವ ಮೂರು ಜೊತೆ ತೊಟ್ಟುಗಳು, ಮೇಲಕ್ಕೆ ದೊಡ್ಡ ಮಿದುಳಿನೊಳಗೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ನರದೆಳೆಗಳು, ಒಂದೂ ಹರಿದಿರಲಿಲ್ಲ. ಚಾಕು ಮುಟ್ಟಿಸದೆ ಬಿದಿರುಕಡ್ಡಿಯಿಂದ ಸುಲಿದಿದ್ದ. ಅದನ್ನಿಟ್ಟ ಸೀಸೆಯ ಮೇಲೆ ಮಾತ್ರ ‘ತಯಾರಿಸಿದವರು: ಡಾ. ಅವಧೂತ’ ಎಂಬ ಚೀಟಿ ಬಿತ್ತು. ಅದಕ್ಕೆ ಬಂದ ಬಹುಮಾನವೂ ಅವರಿಗೇ.

“ಸರ, ನನ್ನ ಹೆಸರೂ ಬರೀರಲಾ,” ಎಂದು ಕೇಳಿದ್ದ.

“ಜವಾನನ ಹೆಸರ ಯಾರ ಓದತಾರೋ? ಹೋಗು, ಚಾ ತೊಗೊಂಡ ಬಾ.”

ತಂದುಕೊಟ್ಟಿದ್ದ. ಆ ಕಪ್ಪಿನ ಬಿಸಿ ಕೈಯಿಂದ ಇನ್ನೂ ಹೋಗಿರಲಿಲ್ಲ.

ಈಗ ಫಾರ್ಮಲಿನ್‌ನಲ್ಲಿ ನೆನೆದು ಗಟ್ಟಿಯಾದ ಸರ್ ಅವರ ಮಿದುಳು ಅವನ ಅಂಗೈಯಲ್ಲಿತ್ತು. ಮೊದಲು ಕೈ ಚಾಕುವಿಗೇ ಹೋಯಿತು. ಒಂದು ಗೀರು ಎಳೆದರೆ ಕೆಟ್ಟ ಮಾಲೆಂದು ಸುಡಲು ಕಳಿಸುತ್ತಾರೆ, ಅಲ್ಲಿಗೆ ಮುಗಿಯಿತು. ಇಷ್ಟು ಬೇಗ ಮುಗಿಯುವುದು ಅವನಿಗೆ ಬೇಡವಾಗಿತ್ತು. ಚಾಕು ಬಿಟ್ಟು ಬಿದಿರುಕಡ್ಡಿ ಎತ್ತಿಕೊಂಡ.

ನಾಲ್ಕು ತಿಂಗಳಾದ ಮೇಲೆ ಹೊಸ ಮುಖ್ಯಸ್ಥೆ, ಧಾರವಾಡದ ಶರ್ವರಿ ಮೇಡಂ, ಸೀಸೆಯೊಳಗೆ ನೋಡಿ ಬೆರಗಾದರು.

“ಏನ್ ಕೈ ರೀ ನಿಮ್ಮದು. ಚೀಟಿ ಮ್ಯಾಲ ನಿಮ್ಮ ಹೆಸರ ಬರೀತೀನಿ. ಸರ್ ಹೆಸರೂ ಹಾಕೂಣೇನ್ರಿ? ಮಿದುಳು ಅವರದಲಾ.”

“ಬ್ಯಾಡ್ರಿ ಮೇಡಂ. ದಾನಿ ಹೆಸರ ಎಲ್ಲೂ ಬರೀಬಾರದಂತ ನಿಯಮ ಅದ. ಸರ್ ಅವರೇ ಮಾಡಿದ್ದು,” ಎಂದು ಗೋಡೆಯ ಮೇಲಿನ ಹಾಳೆ ತೋರಿಸಿದ. ಕೆಳಗೆ ಅವಧೂತರ ಸಹಿ ಇತ್ತು.

ಹೊಸ ವರ್ಷದ ತರಗತಿಗೆ ಬಂದ ಬೆಳಗಾವಿಯ ಹುಡುಗಿ ಪೂರ್ವಾ ಆ ಸೀಸೆಯ ಮುಂದೆ ನಿಂತಳು.

“ಇದು ಯಾರದ್ರಿ ಕಾಕಾ?”

“ಯಾರದೋ ಒಬ್ಬರದು.”

ಅವಳು ಬಗ್ಗಿ ಚೀಟಿ ಓದಿದಳು. “ತಯಾರಿಸಿದವರು: ಮಲಕಪ್ಪ.”

ಕಿವಿಯ ನರ ಕಾಂಡವನ್ನು ಸೇರುವ ಜಾಗವನ್ನೇ ಮಲಕಪ್ಪ ದಿಟ್ಟಿಸುತ್ತಿದ್ದ.

“ಇನ್ನೊಮ್ಮೆ ಓದವಾ,” ಎಂದ. “ಸ್ವಲ್ಪ ಜೋರಾಗಿ.”