ನೀರು ಬೇಡ ಎಂದ ಹತ್ತು ನಿಮಿಷ

ಇದನ್ನು ಪೂರ್ತಿ ಕೇಳಿ, ಮಧ್ಯದಲ್ಲಿ ಎದ್ದು ಹೋಗಬೇಡಿ. ನಾನು ಒಬ್ಬ ಅಪ್ಪನ ಕೈ ಮುರಿದಿದ್ದೇನೆ. ಕೋಲಿನಿಂದ. ಅವನ ಮಗಳ ಕಣ್ಣಿಗಾಗಿ.

2004ರ ಜೂನ್ ಮೊದಲ ವಾರ. ಡಿಗ್ರಿ ಓದುತ್ತಿದ್ದ ನಮ್ಮಲ್ಲಿ ಒಂದಿಷ್ಟು ಜನರಿಗೆ ಕೊಪ್ಪದಲ್ಲಿ ಮಕ್ಕಳ ಕಣ್ಣು ಪರೀಕ್ಷಿಸುವ ತರಬೇತಿ ಕೊಟ್ಟಿದ್ದರು. ಡಾಕ್ಟರು ಪ್ರಪಂಚದ ನಕ್ಷೆ ತೂಗುಹಾಕಿ ಹೇಳಿದ್ದರು: ದುಡ್ಡಿರುವ ದೇಶಗಳಲ್ಲಿ ಕುರುಡಾದ ಹೆಚ್ಚಿನ ಮಕ್ಕಳ ತೊಂದರೆ ಹುಟ್ಟಿನಿಂದಲೇ ಬಂದದ್ದು. ಬಡ ದೇಶಗಳಲ್ಲಿ ಚೆನ್ನಾಗಿ ಹುಟ್ಟಿದ ಕಣ್ಣುಗಳೇ ಆಮೇಲೆ ಹಾಳಾಗುತ್ತವೆ. ದಡಾರದಿಂದ, ಎ ವಿಟಮಿನ್ ಸಾಲದೆ, ಮನೆಮದ್ದಿನಿಂದ, ಪೆಟ್ಟಿನಿಂದ. “ಇವೆಲ್ಲ ತಡೀಬಹುದು. ಕಣ್ಣಿಗೆ ಸುಣ್ಣ ಬಿತ್ತಾ? ನೀರು. ತಕ್ಷಣ. ಅರ್ಧ ಗಂಟೆ.” ಎಲ್ಲ ಬರೆದುಕೊಂಡಿದ್ದೆ.

ಮೂರನೇ ದಿನವೇ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ನಾಗಪ್ಪನ ಮನೆಗೆ ಹೋದೆ. ಅಂಗಳದಲ್ಲಿ ಅವನು ಅಡಿಕೆಗೆ ಹೊಡೆಯುವ ಕೊಳೆರೋಗದ ಔಷಧಿ ತಯಾರಿಸುತ್ತಿದ್ದ. ಒಂದು ಡ್ರಮ್ಮಿನಲ್ಲಿ ಮೈಲುತುತ್ತ, ಅರ್ಧಕ್ಕೆ ಕತ್ತರಿಸಿದ ಇನ್ನೊಂದು ಡ್ರಮ್ಮಿನಲ್ಲಿ ಸುಣ್ಣದ ಕಲ್ಲು. ನೀರು ತಾಗಿದ ಕಲ್ಲು ಕೊತಕೊತ ಕುದಿಯುತ್ತಿತ್ತು.

“ನನ್ನ ಮಗಳ ಕಣ್ಣು ನೋಡೋದಾ? ಎಂಥಕ್ಕೆ ಮಾರಾಯ್ತಿ! ಮರದ ತುದೀಲಿ ಕೊಳೆ ಬಂದಿದ್ದು ನಂಗೆ ತೋರ್ಸೋದೇ ಇವಳು. ಬೇಕಾದ್ರೆ ನಿನ್ ಕಣ್ಣು ತೋರ್ಸು ಇವಳಿಗೆ.”

ಐದು ವರ್ಷದ ಭವ್ಯ ಕಿಸಕ್ಕನೆ ನಕ್ಕು ಡ್ರಮ್ಮಿನ ಅಂಚು ಹಿಡಿದು ಬಗ್ಗಿದಳು. ಅದೇ ಹೊತ್ತಿಗೆ ನಾಗಪ್ಪ ಇನ್ನೊಂದು ಕಲ್ಲು ಎಸೆದ. ಬಿಸಿ ಸುಣ್ಣ ಸಿಡಿದು ಅವಳ ಎರಡೂ ಕಣ್ಣಿಗೆ ಬಿತ್ತು.

ಆ ಚೀರಾಟ! ನಾನು ಅಂಗಳದ ನೀರಿನ ಹಂಡೆಗೆ ಚೊಂಬು ಅದ್ದಿಕೊಂಡು ಓಡಿದೆ. ನಾಗಪ್ಪ ಭುಜಕ್ಕೆ ಗುದ್ದಿ ನನ್ನನ್ನು ಕೆಡವಿದ.

“ನೀರು ಹಾಕ್ಬೇಡ! ಡ್ರಮ್ಮು ನೋಡು, ನೀರು ಬಿದ್ರೆ ಸುಣ್ಣ ಎಂಥ ಆಗುತ್ತೆ ಕಾಣಲ್ವಾ? ಕೂಸಿನ ಕಣ್ಣು ಬೇಯಿಸ್ತೀಯಾ?”

ಹದಿನೈದು ವರ್ಷದಿಂದ ಸುಣ್ಣ ಕುದಿಸುತ್ತ ಬಂದವನು. ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದ.

“ನಾಗಪ್ಪಣ್ಣ, ಅದು ಒಳಗೇ ಸುಡ್ತಾ ಇದೆ, ತೊಳೀಲೇಬೇಕು, ಡಾಕ್ಟ್ರು ಹೇಳಿದಾರೆ!”

“ನಿನ್ ಡಾಕ್ಟ್ರು ಯಾವತ್ತು ಸುಣ್ಣ ಕುದಿಸಿದ್ದ?”

ಅವನ ತಾಯಿ ಕಲ್ಲಮ್ಮ ಹರಳೆಣ್ಣೆ ತಂದು ಮಗುವಿನ ಕಣ್ಣಿಗೆ ಸುರಿದಳು. ಮಗು ಕಾಲು ಬಡಿಯಿತು. ನಾನು ಕೈಮುಗಿದೆ, ಬೇಡಿಕೊಂಡೆ, ನೋಟ್‌ಬುಕ್ ತೆಗೆದು ತೋರಿಸಿದೆ. ಹೌದು, ನೋಟ್‌ಬುಕ್! ಹತ್ತು ನಿಮಿಷ ಹಾಗೇ ಹೋಯಿತು. ಬಲಗಣ್ಣಿನ ಕಪ್ಪುಗುಡ್ಡೆ ಮಸುಕಾಗತೊಡಗಿತು.

ಮತ್ತೆ ಚೊಂಬೆತ್ತಿದೆ. ನಾಗಪ್ಪ ನನ್ನ ಜಡೆ ಕೈಗೆ ಸುತ್ತಿ ಮುಖವನ್ನು ಕಂಬಕ್ಕೆ ಬಡಿದ. ಹಲ್ಲೊಂದು ಮುರಿದು ಬಾಯಿ ತುಂಬ ರಕ್ತ. ಸುಣ್ಣ ಕಲಕುವ ಕೋಲು ಕೈಗೆ ಸಿಕ್ಕಿತು, ಬೀಸಿದೆ. ಅವನ ಮಣಿಕಟ್ಟು ಲಟಕ್ಕೆಂದಿತು. ಇನ್ನೊಂದು ಕೈಯಲ್ಲಿ ಕುತ್ತಿಗೆಗೆ ಬಂದ. ಮೊಣಕಾಲಿಗೆ ಹೊಡೆದೆ, ಬಿದ್ದ.

ಅಲ್ಲಿಯವರೆಗೆ ಎದೆ ಬಡಿದುಕೊಳ್ಳುತ್ತಿದ್ದ ಅವನ ಹೆಂಡತಿ ವನಜಮ್ಮ ನುಗ್ಗಿ ಬಂದಳು. ಅವಳಿಗೂ ಕೋಲೆತ್ತಿದೆ. ಅವಳು ಮಗಳ ಮೇಲೆ ಬಿದ್ದು ತಲೆ ಅಮುಕಿ ಹಿಡಿದು ಕೂಗಿದಳು: “ನೀರು ಹುಯ್ಯಿ! ಎಂಥ ನೋಡ್ತೀಯ, ಹುಯ್ಯಿ!”

ರೆಪ್ಪೆ ಬಿಡಿಸಿ ಸೆರಗಿನ ತುದಿಯಿಂದ ಸುಣ್ಣದ ಹರಳು ತೆಗೆದೆವು. ಚೊಂಬಿನ ಮೇಲೆ ಚೊಂಬು. ಮಗು ನನ್ನ ಬೆರಳು ಕಚ್ಚಿ ಹಿಡಿದಿತ್ತು. “ಕೊಂದ್ಬಿಟ್ಯಲ್ಲೇ ಹಾಳಾದವಳೇ!” ಎಂದು ಕಲ್ಲಮ್ಮ ಹಿಂದಿನಿಂದ ಪೊರಕೆಯಲ್ಲಿ ಬಾರಿಸುತ್ತಲೇ ಇದ್ದಳು. ಹಂಡೆ ಖಾಲಿಯಾಗುವವರೆಗೂ ನಿಲ್ಲಿಸಲಿಲ್ಲ, ಅವಳೂ, ನಾವೂ.

ಜೀಪಿನಲ್ಲಿ ಕೊಪ್ಪ, ಅಲ್ಲಿಂದ ಶಿವಮೊಗ್ಗ. ಭವ್ಯಳ ಎಡಗಣ್ಣು ಉಳಿಯಿತು. ಬಲಗಣ್ಣು ಹೋಯಿತು. ತಕ್ಷಣ ತೊಳೆದಿದ್ದರೆ ಎರಡೂ ಉಳಿಯುತ್ತಿದ್ದವೇನೋ ಎಂದರು ಅಲ್ಲಿನ ಡಾಕ್ಟರು.

ನಾಗಪ್ಪ ಅದನ್ನು ಕೇಳಿಸಿಕೊಂಡ. ಕೈಗೆ ಪ್ಲಾಸ್ಟರ್ ಹಾಕಿದ್ದರು. ಬೈಯುತ್ತಾನೆಂದುಕೊಂಡೆ. ಅವನು ನನ್ನ ಮುರಿದ ಹಲ್ಲು ನೋಡಿ ಕೇಳಿದ:

“ಹೊಡೆಯೋ ಧೈರ್ಯ ಇತ್ತಲ್ಲ ಮಾರಾಯ್ತಿ ನಿಂಗೆ. ಮೊದ್ಲೇ ಎಂಥಕ್ಕೆ ಹೊಡೀಲಿಲ್ಲ?”

ಮಗಳನ್ನು ಕಾಪಾಡುತ್ತಿದ್ದೇನೆ ಎಂದೇ ಅಡ್ಡ ನಿಂತಿದ್ದ ಅಪ್ಪ ಅವನು. ಮೊದಲ ನಿಮಿಷದಲ್ಲೇ ಅಂಥವನ ಮೇಲೆ ಕೋಲೆತ್ತಲು ನನಗೆ ಕೈ ಬರಲಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?